ಬೇಕಂತ ಮಾಡಿದ್ದಲ್ಲ: ಇದನ್ನು ಇಂಗ್ಲಿಷ್‌ನಲ್ಲಿ ಸರಿಯಾಗಿ ಹೇಳುವುದು ಹೇಗೆ?

ಲೋಟ ಕೈಜಾರಿ ಬಿದ್ದರೆ ನಾವು "ಲೋಟ ಒಡೆದೆ" ಅನ್ನುವುದಿಲ್ಲ. "ಲೋಟ ಒಡೆದುಹೋಯ್ತು" ಅನ್ನುತ್ತೇವೆ. ಗುಟ್ಟು ಹೊರಬಿದ್ದರೆ "ಬಾಯ್ತಪ್ಪಿ ಹೇಳಿಬಿಟ್ಟೆ". ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ "ಕಣ್ತಪ್ಪಿನಿಂದ ಆಯ್ತು". ಕೈ, ಬಾಯಿ, ಕಣ್ಣು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡು ನಮ್ಮನ್ನು ಪಾರು ಮಾಡುತ್ತವೆ. ಕನ್ನಡದಲ್ಲಿ ಇದು ಎಷ್ಟು ಸಲೀಸಾಗಿ ನಡೆಯುತ್ತದೆ ಅಂದರೆ ನಾವು ಗಮನಿಸುವುದೇ ಇಲ್ಲ.

ಇಂಗ್ಲಿಷ್‌ಗೆ ಹೋದಾಗ ಕಷ್ಟ ಶುರುವಾಗುತ್ತದೆ. ಅಲ್ಲಿ "ಐ ಬ್ರೋಕ್ ದ ಗ್ಲಾಸ್" ಅನ್ನುವ ಒಂದೇ ವಾಕ್ಯವನ್ನು ಬೇಕಂತ ಒಡೆದವರೂ ಹೇಳಬಹುದು, ಕೈಜಾರಿ ಬೀಳಿಸಿದವರೂ ಹೇಳಬಹುದು. ವ್ಯತ್ಯಾಸ ತೋರಿಸಬೇಕಾದರೆ ಪಕ್ಕಕ್ಕೆ ಇನ್ನೊಂದು ಪದ ಬೇಕು. ಅಂಥ ಪದಗಳು ಹತ್ತಾರಿವೆ: ಆ್ಯಕ್ಸಿಡೆಂಟಲಿ, ಅನ್‌ನೋಯಿಂಗ್ಲಿ, ಅನ್‌ವಿಟಿಂಗ್ಲಿ, ಇನ್‌ಅಡ್ವರ್ಟೆಂಟ್ಲಿ, ಅನ್‌ಕಾನ್ಶಿಯಸ್ಲಿ, ಇನ್ವಾಲಂಟರಿಲಿ, ಆ್ಯಬ್ಸೆಂಟ್ ಮೈಂಡೆಡ್ಲಿ. ಡಿಕ್ಷನರಿ ತೆಗೆದರೆ ಹೆಚ್ಚುಕಡಿಮೆ ಎಲ್ಲಕ್ಕೂ "ಅರಿವಿಲ್ಲದೆ", "ಗೊತ್ತಿಲ್ಲದೆ" ಅಂತಲೇ ಇರುತ್ತದೆ. ಯಾವುದೋ ಒಂದನ್ನು ಹಾಕಿದರೆ ಆಯ್ತು ಅಂತ ನಾವೂ ಅಂದುಕೊಳ್ಳುತ್ತೇವೆ. ಆದರೆ ಓದುವವರಿಗೆ ಒಂದು ಪದ "ಪಾಪ, ಗೊತ್ತಿರಲಿಲ್ಲ" ಅಂತ ಕೇಳಿಸುತ್ತದೆ. ಇನ್ನೊಂದು "ಬೇಜವಾಬ್ದಾರಿ" ಅಂತ ಕೇಳಿಸುತ್ತದೆ. ಕ್ಷಮೆ ಕೇಳುವ ಕಾಗದದಲ್ಲಿ ಈ ವ್ಯತ್ಯಾಸ ತುಂಬಾ ದೊಡ್ಡದು.

ಹೆಜ್ಜೆ 1: ಆಗ ಏನು ಇರಲಿಲ್ಲ ಅಂತ ಕೇಳಿಕೊಳ್ಳಿ

ಈ ಪದಗಳನ್ನು ಬಾಯಿಪಾಠ ಮಾಡಬೇಡಿ. ಪ್ರತಿ ಸಲವೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಆ ಕೆಲಸ ನಡೆದಾಗ ಅದನ್ನು ಮಾಡಿದವರಲ್ಲಿ ಏನು ಇರಲಿಲ್ಲ? ತಿಳಿವಳಿಕೆಯೇ? ಉದ್ದೇಶವೇ? ಗಮನವೇ? ಮೈಮೇಲಿನ ಹಿಡಿತವೇ? ಅಥವಾ ಸುಮ್ನೆ ಒಂದು ಕ್ಷಣದ ಯೋಚನೆಯೇ?

ಇಂಗ್ಲಿಷ್‌ನ ಒಂದೊಂದು ಪದ ಈ ಐದರಲ್ಲಿ ಒಂದನ್ನು ಹಿಡಿದುಕೊಂಡಿದೆ. ಏನು ಇರಲಿಲ್ಲ ಅನ್ನುವುದು ಗೊತ್ತಾದರೆ ಪದ ತಾನಾಗಿ ಸಿಗುತ್ತದೆ.

ಹೆಜ್ಜೆ 2: ತಿಳಿವಳಿಕೆ ಇರಲಿಲ್ಲ ಅಂದರೆ

ಮಾಡಿದವರು ಬೇಕಂತಲೇ ಮಾಡಿದ್ದಾರೆ, ಗಮನವಿಟ್ಟೇ ಮಾಡಿದ್ದಾರೆ. ಆದರೆ ಒಂದು ಮುಖ್ಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ಬೇಕಾದದ್ದು "ಅನ್‌ನೋಯಿಂಗ್ಲಿ". ನೆಗಡಿಯ ಲಕ್ಷಣ ಇನ್ನೂ ಕಾಣಿಸಿಕೊಂಡಿಲ್ಲ, ಸ್ನೇಹಿತರ ಕೈಕುಲುಕಿ ಬಂದಿರಿ, ಅವರಿಗೂ ಹತ್ತಿತು ಅನ್ನಿ. "ಐ ಅನ್‌ನೋಯಿಂಗ್ಲಿ ಪಾಸ್ಡ್ ಇಟ್ ಆನ್". ಕೈಕುಲುಕಿದ್ದು ಬೇಕಂತಲೇ. ಗೊತ್ತಿರದಿದ್ದದ್ದು ಸೋಂಕಿನ ವಿಷಯ.

"ಅನ್‌ವಿಟಿಂಗ್ಲಿ" ಇದರ ಅಕ್ಕನಂಥ ಪದ. ಒಳಗಿರುವ "ವಿಟ್" ಹಳೆಯ ಇಂಗ್ಲಿಷ್‌ನ "ವಿಟಾನ್", ಅಂದರೆ ತಿಳಿ ಅನ್ನುವ ಕ್ರಿಯಾಪದದಿಂದ ಬಂದದ್ದು. ಸಾಕ್ಷಿ ಅನ್ನುವ ಅರ್ಥದ "ವಿಟ್ನೆಸ್" ಕೂಡ ಅದೇ ಮನೆಯದು. ನಮಗೆ ಇನ್ನೂ ಹತ್ತಿರದ ನಂಟು ಇದೆ: ವಿದ್ಯೆ, ವೇದ, ವಿದ್ವಾಂಸ ಪದಗಳಲ್ಲಿರುವ ಸಂಸ್ಕೃತದ "ವಿದ್" ಮತ್ತು ಈ "ವಿಟ್" ಒಂದೇ ಮೂಲದವು. ಹಾಗಾಗಿ "ಅನ್‌ವಿಟಿಂಗ್" ಅಂದರೆ ನೇರವಾಗಿ "ಅರಿಯದ". ನನಗಂತೂ ಇದು ತಿಳಿದ ದಿನದಿಂದ ಈ ಪದ ಮರೆತದ್ದೇ ಇಲ್ಲ.

ಎರಡಕ್ಕೂ ಸಣ್ಣ ವ್ಯತ್ಯಾಸ ಇದೆ. ತನಗೆ ಗೊತ್ತಿಲ್ಲದ ಒಂದು ದೊಡ್ಡ ಆಟದಲ್ಲಿ ಯಾರಾದರೂ ದಾಳವಾದರೆ "ಅನ್‌ವಿಟಿಂಗ್ಲಿ" ಚೆನ್ನಾಗಿ ಕೂರುತ್ತದೆ. ಯಾರೋ ಕೊಟ್ಟ ಪೊಟ್ಟಣವನ್ನು ಒಳಗೇನಿದೆ ಅಂತ ತಿಳಿಯದೆ ಗಡಿ ದಾಟಿಸಿದವನು "ಆ್ಯನ್ ಅನ್‌ವಿಟಿಂಗ್ ಕೊರಿಯರ್". ಸುಳ್ಳು ಸುದ್ದಿಯನ್ನು ನಿಜ ಅಂತ ನಂಬಿ ಹತ್ತು ಜನಕ್ಕೆ ಕಳಿಸಿದವರು "ಅನ್‌ವಿಟಿಂಗ್ಲಿ" ಹರಡಿದವರು. ಪದದಲ್ಲಿ ಸ್ವಲ್ಪ ಮರುಕ ಇದೆ. ತಪ್ಪು ಬೇರೆ ಯಾರದ್ದೋ ಅನ್ನುವ ಸುಳಿವೂ ಇದೆ.

ಒಂದು ಕಡೆ ಜಾರುವ ಸಂಭವ ಜಾಸ್ತಿ. "ಅನ್‌ಬಿನೋನ್‌ಸ್ಟ್ ಟು ಮಿ" ಅನ್ನುವ ಮಾತಿನಲ್ಲಿ ಗೊತ್ತಿಲ್ಲದಿರುವುದು ಕೆಲಸ ಮಾಡಿದವರಿಗಲ್ಲ, ಪಕ್ಕದವರಿಗೆ. "ಅನ್‌ಬಿನೋನ್‌ಸ್ಟ್ ಟು ಮಿ, ಶಿ ಹ್ಯಾಡ್ ಸೋಲ್ಡ್ ದ ಹೌಸ್" ಅಂದರೆ ಅವಳು ತಿಳಿದೇ ಮಾರಿದ್ದಾಳೆ, ನನಗೆ ಸುದ್ದಿ ಇರಲಿಲ್ಲ. ಕನ್ನಡದಲ್ಲಿ "ನನಗೆ ಗೊತ್ತಿಲ್ಲದೆ ಮಾರಿದಳು" ಮತ್ತು "ಗೊತ್ತಿಲ್ಲದೆ ಮಾರಿದಳು" ಎರಡರಲ್ಲೂ "ಗೊತ್ತಿಲ್ಲದೆ" ಇದೆ, ಅಲ್ವಾ? ಅದಕ್ಕೇ ಗೊಂದಲ ಆಗುವುದು. ಯಾರಿಗೆ ಗೊತ್ತಿಲ್ಲ ಅಂತ ಮೊದಲು ನೋಡಿಕೊಳ್ಳಿ.

"ಇಗ್ನರೆಂಟ್ಲಿ" ಮಾತ್ರ ಈ ಅರ್ಥಕ್ಕೆ ಹಾಕಬೇಡಿ. ಅದು ಹೆಚ್ಚಾಗಿ "ಅಜ್ಞಾನಿ ಥರ" ಅಂತ ಬೈದಂತೆ ಕೇಳಿಸುತ್ತದೆ.

ಹೆಜ್ಜೆ 3: ಉದ್ದೇಶ ಇರಲಿಲ್ಲ ಅಂದರೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾವೆಲ್ಲ ದಿನಕ್ಕೆ ಹತ್ತು ಸಲ ಬಳಸುವ "ಬೈ ಮಿಸ್ಟೇಕ್" ಇರುವುದು ಇಲ್ಲೇ.

ಹೊರಗೆ ಮಳೆ. ಬಾಗಿಲ ಹತ್ತಿರ ಐದಾರು ಕಪ್ಪು ಕೊಡೆಗಳು. ನನ್ನದೇ ಅಂದುಕೊಂಡು ನಿಮ್ಮ ಕೊಡೆ ತೆಗೆದುಕೊಂಡು ಹೋದೆ. ಇದು "ಬೈ ಮಿಸ್ಟೇಕ್". ಕೈ ಮಾಡಿದ್ದು ಸರಿಯಾದ ಕೆಲಸವನ್ನೇ, ತಲೆಯೊಳಗಿನ ನಂಬಿಕೆ ತಪ್ಪಿತ್ತು. ಈಗ ಬೇರೆ ಥರ ನೋಡಿ. ನನ್ನ ಕೊಡೆಯನ್ನೇ ಎತ್ತಿಕೊಂಡೆ, ಆದರೆ ನಿಮ್ಮ ಕೊಡೆಯ ಹಿಡಿ ನನ್ನ ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಂಡು ಜೊತೆಗೇ ಬಂತು. ಇದು "ಬೈ ಆ್ಯಕ್ಸಿಡೆಂಟ್". ತಲೆಯಲ್ಲಿ ಏನೂ ತಪ್ಪಿರಲಿಲ್ಲ, ಹೊರಗೆ ಎಡವಟ್ಟಾಯಿತು. "ಆ್ಯಕ್ಸಿಡೆಂಟ್" ಪದದ ಲ್ಯಾಟಿನ್ ಬೇರಿನಲ್ಲಿ "ಬೀಳು" ಅನ್ನುವ ಕ್ರಿಯಾಪದ ಇದೆ: ಮೇಲೆ ಬಂದು ಬಿದ್ದದ್ದು, ನಾವಾಗಿ ಮಾಡಿದ್ದಲ್ಲ.

ಮಾತಿನಲ್ಲಿ ಇಂಗ್ಲಿಷ್‌ನವರೂ ಇವೆರಡನ್ನು ಬೆರೆಸುತ್ತಾರೆ. "ಐ ಆ್ಯಕ್ಸಿಡೆಂಟಲಿ ಟುಕ್ ಯುವರ್ ಅಂಬ್ರೆಲಾ" ಅಂದರೆ ಎರಡಕ್ಕೂ ನಡೆಯುತ್ತದೆ, ಯಾರೂ ತಪ್ಪು ಅನ್ನುವುದಿಲ್ಲ. ಆದರೆ "ಬೈ ಮಿಸ್ಟೇಕ್" ಅಷ್ಟು ಧಾರಾಳಿ ಅಲ್ಲ. ನಾವು "ಬೈಮಿಸ್ಟೇಕ್ ಬಿದ್ದುಬಿಟ್ಟೆ", "ಬೈಮಿಸ್ಟೇಕ್ ಕಾಲು ತಾಗಿತು" ಅಂತ ಆರಾಮಾಗಿ ಹೇಳುತ್ತೇವೆ. ಕನ್ನಡದೊಳಗೆ ಅದು ನಮ್ಮದೇ ಪದ ಆಗಿಹೋಗಿದೆ, ಅಲ್ಲಿ ತೊಂದರೆ ಇಲ್ಲ. ಇಂಗ್ಲಿಷ್‌ನಲ್ಲಿ "ಐ ಫೆಲ್ ಬೈ ಮಿಸ್ಟೇಕ್" ಅಂದರೆ ಕೇಳಿದವರು ಒಂದು ಕ್ಷಣ ತಡೆಯುತ್ತಾರೆ. ಬೀಳುವುದರಲ್ಲಿ ತಪ್ಪು ನಂಬಿಕೆ ಎಲ್ಲಿಂದ ಬಂತು?

ಅಲ್ಲಿ ಯಾವ ಪದವೂ ಬೇಡ. ಬೀಳುವುದು, ಜಾರುವುದು, ಎಡವುವುದು, ಮರೆಯುವುದು ಇವೆಲ್ಲ ಯಾರೂ ಬೇಕಂತ ಮಾಡುವ ಕೆಲಸ ಅಲ್ಲ. ಕ್ರಿಯಾಪದದಲ್ಲೇ ಆ ಅರ್ಥ ಇದೆ. "ಐ ಸ್ಲಿಪ್ಡ್", "ಐ ಫರ್ಗಾಟ್" ಅಷ್ಟೇ ಸಾಕು. ಬೇಕಂತಲೂ ಮಾಡಬಹುದಾದ ಕೆಲಸಕ್ಕೆ ಮಾತ್ರ ಪದ ಜೋಡಿಸಿ: ಒಡೆಯುವುದು, ಅಳಿಸುವುದು, ಕಳಿಸುವುದು, ತುಳಿಯುವುದು.

ಸಣ್ಣಪುಟ್ಟ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. "ಮಿಸ್ಟೇಕನ್ಲಿ" ಅನ್ನುವುದು ನಂಬು, ಅಂದುಕೊಳ್ಳು ಅನ್ನುವ ಕ್ರಿಯಾಪದಗಳ ಜೊತೆ ಚೆಂದ: "ಐ ಮಿಸ್ಟೇಕನ್ಲಿ ಬಿಲೀವ್ಡ್". ಕಚೇರಿಯ ಕಾಗದದಲ್ಲಿ "ಇನ್ ಎರರ್" ಅನ್ನುತ್ತಾರೆ. ಅಮೆರಿಕದ ಕಿರಿಯರು "ಆನ್ ಪರ್ಪಸ್" ನೋಡಿಕೊಂಡು "ಆನ್ ಆ್ಯಕ್ಸಿಡೆಂಟ್" ಅಂತಲೂ ಹೇಳುತ್ತಾರೆ. ಕೇಳಿದರೆ ಗಾಬರಿಯಾಗಬೇಡಿ, ಬರವಣಿಗೆಯಲ್ಲಿ ಮಾತ್ರ "ಬೈ" ಇರಲಿ. "ಆ್ಯಕ್ಸಿಡೆಂಟಲಿ" ಬರೆಯುವಾಗ ಕೊನೆಗೆ ಎ, ಎಲ್, ಎಲ್, ವೈ ನಾಲ್ಕೂ ಬೇಕು. ಉಚ್ಚಾರದಲ್ಲಿ ಆ "ಎ" ನುಂಗಿಹೋಗುವುದರಿಂದ ಬರೆಯುವಾಗಲೂ ಬಿಟ್ಟುಹೋಗುತ್ತದೆ.

"ಅನ್‌ಇಂಟೆನ್ಷನಲಿ" ಮುಖ್ಯವಾಗಿ ಪರಿಣಾಮದ ಬಗ್ಗೆ ಹೇಳಲು. ನೀವು ಒಂದು ಮಾತು ಆಡಿದಿರಿ, ಅದು ಬೇಕಂತಲೇ ಆಡಿದ್ದು. ಕೇಳಿದವರಿಗೆ ನೋವಾಯಿತು, ಅದು ನಿಮಗೆ ಬೇಕಿರಲಿಲ್ಲ. "ಐ ಅನ್‌ಇಂಟೆನ್ಷನಲಿ ಹರ್ಟ್ ಹರ್." ಎದುರಿಗೆ ಕೂತು ಮಾತಾಡುವಾಗ ಇದು ಸ್ವಲ್ಪ ಬಿಗಿ ಅನ್ನಿಸುತ್ತದೆ. ಆಗ "ಐ ಡಿಡಂಟ್ ಮೀನ್ ಟು ಹರ್ಟ್ ಯು" ಅನ್ನಿ. ಕನ್ನಡದ "ಬೇಕಂತ ಮಾಡಿದ್ದಲ್ಲ ಕಣೋ" ಅನ್ನುವುದರ ಬಿಸಿ ಇರುವುದು ಆ ಮಾತಿನಲ್ಲೇ.

ಒಳ್ಳೆಯದೂ ಹೀಗೇ ಆಗಬಹುದು. 1928ರಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ತಮ್ಮ ಪ್ರಯೋಗಾಲಯಕ್ಕೆ ಬಂದಾಗ, ಬ್ಯಾಕ್ಟೀರಿಯಾ ಬೆಳೆಸಿಟ್ಟಿದ್ದ ಒಂದು ಗಾಜಿನ ತಟ್ಟೆಗೆ ಬೂಷ್ಟು ಹಿಡಿದಿತ್ತು. ಅದರ ಸುತ್ತ ಬ್ಯಾಕ್ಟೀರಿಯಾ ಇಲ್ಲವಾಗಿತ್ತು. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಪೆನಿಸಿಲಿನ್ ಔಷಧಿ ಸಿಕ್ಕಿದ್ದು ಹೀಗೆ. "ಆ್ಯಕ್ಸಿಡೆಂಟಲಿ ಡಿಸ್ಕವರ್ಡ್" ಅಂತ ಬರೆಯುತ್ತಾರೆ, ಸರಿಯೇ. ಆದರೆ ಆ್ಯಕ್ಸಿಡೆಂಟ್ ಆಗಿದ್ದು ಬೂಷ್ಟು ಬಿದ್ದದ್ದು ಮಾತ್ರ. ಅದನ್ನು ಎಸೆಯದೆ ನಿಂತು ನೋಡಿದ್ದು ಆ್ಯಕ್ಸಿಡೆಂಟ್ ಅಲ್ಲ. ಇಂಥ ಅದೃಷ್ಟದ ಜೊತೆಗೆ ಚುರುಕು ಕಣ್ಣೂ ಸೇರಿದ್ದಕ್ಕೆ "ಸೆರೆಂಡಿಪಿಟಿ" ಅನ್ನುವ ಬೇರೆ ಪದವೇ ಇದೆ. 1754ರಲ್ಲಿ ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ಒಂದು ಪತ್ರದಲ್ಲಿ ಅದನ್ನು ಹುಟ್ಟುಹಾಕಿದರು. ಲಂಕೆಗೆ ಇದ್ದ "ಸೆರೆಂಡಿಪ್" ಅನ್ನುವ ಹಳೆಯ ಹೆಸರು ಅದರೊಳಗಿದೆ.

ಹೆಜ್ಜೆ 4: ಗಮನ ಇರಲಿಲ್ಲ ಅಂದರೆ

"ಇನ್‌ಅಡ್ವರ್ಟೆಂಟ್ಲಿ" ನೋಡಲು ಉದ್ದ, ಒಳಗೆ ಸರಳ. ಲ್ಯಾಟಿನ್‌ನಲ್ಲಿ "ಅಡ್ವರ್ಟೆರೆ" ಅಂದರೆ ಆ ಕಡೆ ತಿರುಗಿಸು. ಜಾಹೀರಾತಿಗೆ ಹೇಳುವ "ಅಡ್ವರ್ಟೈಸ್‌ಮೆಂಟ್" ಕೂಡ ಅಲ್ಲಿಂದಲೇ ಬಂತು, ಅದರ ಕೆಲಸ ನಮ್ಮ ಗಮನ ತಿರುಗಿಸುವುದು ತಾನೆ! ಮುಂದೆ "ಇನ್" ಸೇರಿದರೆ ಗಮನ ಆ ಕಡೆ ತಿರುಗಿರಲಿಲ್ಲ ಅಂತ ಅರ್ಥ. ಕಚೇರಿ ಕನ್ನಡದ "ಅಚಾತುರ್ಯದಿಂದ", "ಕಣ್ತಪ್ಪಿನಿಂದ" ಇದಕ್ಕೆ ತೀರಾ ಹತ್ತಿರ. ಕಾಗದಪತ್ರಕ್ಕೆ ಹೇಳಿ ಮಾಡಿಸಿದ ಪದ. ತಪ್ಪು ಒಪ್ಪಿಕೊಳ್ಳುತ್ತದೆ, ಆದರೆ ಗೋಳಾಡುವುದಿಲ್ಲ. ಸ್ನೇಹಿತನಿಗೆ ಬರೆಯುವಾಗ ಮಾತ್ರ ಭಾರ ಆಗುತ್ತದೆ.

"ಆ್ಯಬ್ಸೆಂಟ್ ಮೈಂಡೆಡ್ಲಿ" ಅಂದರೆ ಮೈ ಇಲ್ಲಿ, ಮನಸ್ಸು ಇನ್ನೆಲ್ಲೋ. ಫೋನಿನಲ್ಲಿ ಮಾತಾಡುತ್ತಾ ಕಾಗದದ ಅಂಚಿನಲ್ಲಿ ಸುರುಳಿ ಬರೆಯುವುದು. ಹಾಲಿನ ಪಾತ್ರೆಯ ಜೊತೆ ಬೀಗದ ಕೈಯನ್ನೂ ಫ್ರಿಜ್‌ನಲ್ಲಿಟ್ಟು ಬಾಗಿಲು ಹಾಕುವುದು. "ಏನೋ ಯೋಚನೆಯಲ್ಲಿದ್ದೆ" ಅಂತ ನಾವು ಹೇಳುವ ಕಡೆಯೆಲ್ಲ ಈ ಪದ ಒಗ್ಗುತ್ತದೆ. ಇದರಲ್ಲಿ ಒಂದು ಅಕ್ಕರೆ ಇದೆ, ಹಾಗಾಗಿ ದೊಡ್ಡ ನಷ್ಟವಾದ ಕಡೆ ಇದನ್ನು ಹಾಕಬಾರದು. ರೋಗಿಗೆ ಬೇರೆ ಔಷಧಿ ಕೊಟ್ಟವರು "ಆ್ಯಬ್ಸೆಂಟ್ ಮೈಂಡೆಡ್ಲಿ ಕೊಟ್ಟೆ" ಅಂತ ಬರೆದರೆ ಓದಿದವರ ಸಿಟ್ಟು ಇನ್ನೂ ಏರುತ್ತದೆ.

"ಕೇರ್‌ಲೆಸ್ಲಿ" ಅಂದರೆ ಇರಬೇಕಾದ ಗಮನ ಇರಲಿಲ್ಲ, ಅದು ನನ್ನದೇ ತಪ್ಪು. "ನೆಗ್ಲಿಜೆಂಟ್ಲಿ" ಇನ್ನೂ ಮುಂದೆ ಹೋಗುತ್ತದೆ. ಅದು ಕಾನೂನಿನ ಪದ: ವಹಿಸಲೇಬೇಕಾದ ಎಚ್ಚರಿಕೆ ವಹಿಸಲಿಲ್ಲ ಅಂತ. ಪರಿಹಾರದ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಕ್ಷಮೆಯ ಪತ್ರದಲ್ಲಿ ಇದನ್ನು ಸುಮ್ನೆ ಅಲಂಕಾರಕ್ಕೆ ಅಂತ ಬರೆಯಬೇಡಿ.

"ಓವರ್‌ಸೈಟ್" ಪದಕ್ಕೆ ಎರಡು ಎದುರುಬದುರು ಅರ್ಥ ಇದೆ. ಒಂದು ಮೇಲ್ವಿಚಾರಣೆ, ಇನ್ನೊಂದು ಕಣ್ತಪ್ಪು. "ಡ್ಯೂ ಟು ಆ್ಯನ್ ಓವರ್‌ಸೈಟ್" ಅಂದರೆ ಕಣ್ತಪ್ಪಿನಿಂದ. ಮುಂದೆ "ಆ್ಯನ್" ಇದೆಯಾ ಅಂತ ನೋಡಿ, ಇದ್ದರೆ ಬಹುತೇಕ ಕಣ್ತಪ್ಪೇ.

ಹೆಜ್ಜೆ 5: ಮೈಮೇಲೆ ಹಿಡಿತ ಇರಲಿಲ್ಲ ಅಂದರೆ

ವೈದ್ಯರು ಮಂಡಿಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ, ಕಾಲು ತಾನಾಗಿ ಚಿಮ್ಮುತ್ತದೆ. ಸಂದೇಶ ಬೆನ್ನುಹುರಿಯವರೆಗೆ ಹೋಗಿ ಅಲ್ಲಿಂದಲೇ ಸ್ನಾಯುವಿಗೆ ವಾಪಸ್ ಬರುತ್ತದೆ. ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಇಂಥದ್ದಕ್ಕೆ "ರಿಫ್ಲೆಕ್ಸ್" ಅಂತ ಹೆಸರು, ಇದರಿಂದಲೇ "ರಿಫ್ಲೆಕ್ಸಿವ್ಲಿ". ಬೆಚ್ಚಿಬೀಳುವುದು, ನಡುಗುವುದು, ಕಣ್ಣಲ್ಲಿ ನೀರು ತುಂಬುವುದು ಎಲ್ಲಕ್ಕೂ ಸಲ್ಲುವ ದೊಡ್ಡ ಪದ "ಇನ್ವಾಲಂಟರಿಲಿ". ಆದರೆ "ಇನ್ವಾಲಂಟರಿಲಿ ಇಮೇಲ್ ಕಳಿಸಿದೆ" ಅಂತ ಬರೆಯಲಾಗದು. ಬೆರಳು ತಾನಾಗಿ ಇಮೇಲ್ ಬರೆಯುವುದಿಲ್ಲವಲ್ಲ.

ಇದಕ್ಕೆ ಇನ್ನೊಂದು ಅರ್ಥವೂ ಇದೆ: ಇಷ್ಟಕ್ಕೆ ವಿರುದ್ಧವಾಗಿ. "ಇನ್ವಾಲಂಟರಿ ರಿಟೈರ್‌ಮೆಂಟ್" ಅಂದರೆ ಅರಿವಿಲ್ಲದೆ ನಿವೃತ್ತರಾದರು ಅಂತಲ್ಲ, ಮನಸ್ಸಿಲ್ಲದಿದ್ದರೂ ಆಗಬೇಕಾಯಿತು ಅಂತ. ಅಲ್ಲಿ ಅರಿವು ಪೂರ್ತಿ ಇರುತ್ತದೆ.

ಕನ್ನಡದಲ್ಲಿ "ನನಗೆ ನಗು ಬಂತು" ಅನ್ನುತ್ತೇವೆ. ನಗು ಬಂದದ್ದು, ನಾನು ತಂದದ್ದಲ್ಲ. ಇಂಗ್ಲಿಷ್‌ನಲ್ಲಿ ಇದಕ್ಕೆ "ಐ ಕುಡಂಟ್ ಹೆಲ್ಪ್ ಲಾಫಿಂಗ್" ಅನ್ನಿ. ಉದ್ದ ಪದಕ್ಕಿಂತ ಇದೇ ಸಹಜ.

ಹುಟ್ಟಿನಿಂದ ಬಂದದ್ದು "ಇನ್‌ಸ್ಟಿಂಕ್ಟಿವ್ಲಿ", ರೂಢಿಯಿಂದ ಬಂದದ್ದು "ಆಟೊಮ್ಯಾಟಿಕಲಿ". ಮಗು ಬೀಳುತ್ತಿದ್ದರೆ ಕೈ ಮುಂದಕ್ಕೆ ಹೋಗುವುದು ಮೊದಲನೆಯದು. ಪಾಸ್‌ವರ್ಡನ್ನು ಬೆರಳೇ ಟೈಪ್ ಮಾಡುವುದು ಎರಡನೆಯದು. ಮನಸ್ಸಿಲ್ಲದೆ, ಜೀವವಿಲ್ಲದೆ ಮಾಡಿದರೆ "ಮೆಕ್ಯಾನಿಕಲಿ".

ಹೆಜ್ಜೆ 6: "ಅನ್‌ಕಾನ್ಶಿಯಸ್ಲಿ" ಕೈಗೆತ್ತಿಕೊಳ್ಳುವ ಮುಂಚೆ

ನಾವು ಅತಿ ಹೆಚ್ಚು ತಪ್ಪಾಗಿ ಬಳಸುವ ಪದ ಇದೇ ಅಂತ ನನ್ನ ಅಭಿಪ್ರಾಯ. "ಹಿ ವಾಸ್ ಅನ್‌ಕಾನ್ಶಿಯಸ್" ಅಂದರೆ ಜ್ಞಾನ ತಪ್ಪಿತ್ತು. ಆದರೆ "ಅನ್‌ಕಾನ್ಶಿಯಸ್ಲಿ" ಅಂದಾಗ ಮೂರ್ಛೆಯ ಮಾತೇ ಇಲ್ಲ. ತನ್ನ ಗಮನಕ್ಕೆ ಬಾರದೆ, ಒಳಗಿನಿಂದ ನಡೆದದ್ದು ಅಂತ ಅರ್ಥ. ಎದುರಿಗಿರುವವರು ಕೈಕಟ್ಟಿದರೆ ನಾವೂ ಕೈಕಟ್ಟುವುದು. ಬೇರೆ ಊರಿನವರ ಜೊತೆ ನಾಲ್ಕು ದಿನ ಇದ್ದರೆ ಅವರ ಮಾತಿನ ರಾಗ ನಮ್ಮ ನಾಲಿಗೆಗೆ ಹತ್ತುವುದು. ಉಗುರು ಕಚ್ಚುವುದು. ಇವು ನಿಧಾನಕ್ಕೆ, ಮತ್ತೆ ಮತ್ತೆ ಆಗುವಂಥವು. ಒಂದು ಫೈಲ್ ಅಳಿಸಿಹೋದದ್ದಕ್ಕೆ ಈ ಪದ ಒಪ್ಪುವುದಿಲ್ಲ.

"ಸಬ್‌ಕಾನ್ಶಿಯಸ್ಲಿ" ಅಂದರೆ ಒಳಮನಸ್ಸಿನ ಆಸೆ ಅಥವಾ ಭಯದ ಒತ್ತಡದಿಂದ. ಮನೋವಿಜ್ಞಾನದ ಬರಹದಲ್ಲಿ ಎಚ್ಚರ ಬೇಕು: ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ "ಸಬ್‌ಕಾನ್ಶಿಯಸ್" ಪದವನ್ನು ಬದಿಗಿಟ್ಟು "ಅನ್‌ಕಾನ್ಶಿಯಸ್" ಅನ್ನೇ ಹಿಡಿದರು. ದಿನದ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಬಾಯ್ತಪ್ಪಿ ಆಡಿದ ಮಾತು "ಸ್ಲಿಪ್ ಆಫ್ ದ ಟಂಗ್". ಅದರಲ್ಲಿ ಒಳಗುಟ್ಟು ಇಣುಕಿತು ಅನ್ನಿಸಿದರೆ "ಫ್ರಾಯ್ಡಿಯನ್ ಸ್ಲಿಪ್".

ಹೆಜ್ಜೆ 7: ಯೋಚನೆ ಇರಲಿಲ್ಲ ಅಂದರೆ

"ಥಾಟ್‌ಲೆಸ್ಲಿ" ಅಂದರೆ ಬರೀ ಯೋಚಿಸದೆ ಅಂತಲ್ಲ, ಬೇರೆಯವರ ಬಗ್ಗೆ ಯೋಚಿಸದೆ. ಹಾಗಾಗಿ ಅದು ಬೈಗುಳ. ನಿಮ್ಮ ಬಗ್ಗೆ ಹೇಳಿಕೊಳ್ಳಲು "ವಿದೌಟ್ ಥಿಂಕಿಂಗ್" ಮೃದು. ಸುಮ್ನೆ ಗಂಟೆಗಟ್ಟಲೆ ಫೋನ್ ಉಜ್ಜುತ್ತಾ ಕೂರುವುದು "ಮೈಂಡ್‌ಲೆಸ್ಲಿ". ಹುಮ್ಮಸ್ಸಿಗೆ ಬಿದ್ದು ಮಾಡಿದ್ದು "ಆನ್ ಇಂಪಲ್ಸ್".

ಹೆಜ್ಜೆ 8: "ಬಿಟ್ಟೆ", "ಹೋಯ್ತು" ಇದ್ದ ಕಡೆ ಕ್ರಿಯಾಪದ ಹುಡುಕಿ

ಶುರುವಿನಲ್ಲಿ ಹೇಳಿದೆನಲ್ಲ, ಕನ್ನಡ ಈ ಕೆಲಸವನ್ನು ಕ್ರಿಯಾಪದದಲ್ಲೇ ಮಾಡುತ್ತದೆ ಅಂತ. ಇಂಗ್ಲಿಷ್‌ಗೂ ಅದು ಬರುತ್ತದೆ, ನಮಗೆ ಶಾಲೆಯಲ್ಲಿ ಹೇಳಿಕೊಡುವುದು ಕಡಿಮೆ ಅಷ್ಟೇ. "ಹೇಳಿಬಿಟ್ಟೆ" ಅನ್ನುವುದಕ್ಕೆ "ಐ ಬ್ಲರ್ಟೆಡ್ ಇಟ್ ಔಟ್". ಗುಟ್ಟಾದರೆ "ಐ ಲೆಟ್ ಇಟ್ ಸ್ಲಿಪ್". "ನಿದ್ದೆ ಹತ್ತಿಬಿಡ್ತು" ಅನ್ನುವುದಕ್ಕೆ "ಐ ಡೋಜ್ಡ್ ಆಫ್". "ಕಣ್ಣಿಗೆ ಬಿತ್ತು" ಅನ್ನುವುದಕ್ಕೆ "ಐ ಹ್ಯಾಪನ್ಡ್ ಟು ಸೀ ಇಟ್". "ಹುಡುಕದೇ ಸಿಕ್ಕಿತು" ಅನ್ನುವುದಕ್ಕೆ "ಐ ಕೇಮ್ ಅಕ್ರಾಸ್ ಇಟ್". ಒಂದು ಅಂಗಿ ತರಲು ಹೋಗಿ ಮೂರು ತಂದರೆ "ಐ ಎಂಡೆಡ್ ಅಪ್ ಬೈಯಿಂಗ್ ತ್ರೀ". ಯಾವಾಗ ಶುರುಮಾಡಿದೆನೋ ಗೊತ್ತಿಲ್ಲ, ನೋಡಿದರೆ ಹಾಡು ಗುನುಗುತ್ತಿದ್ದೇನೆ ಅಂದರೆ "ಐ ಫೌಂಡ್ ಮೈಸೆಲ್ಫ್ ಹಮ್ಮಿಂಗ್".

ಮಾತಿನಲ್ಲಿ ಇವುಗಳನ್ನೇ ಮೊದಲು ಹುಡುಕಿ. ಉದ್ದ ಪದಕ್ಕೆ ಕೈಹಾಕುವುದು ಇವು ಸಿಗದಿದ್ದಾಗ.

ಹೆಜ್ಜೆ 9: ಪದವನ್ನು ತಪ್ಪಿದ ಕೆಲಸದ ಪಕ್ಕದಲ್ಲೇ ಇಡಿ

"ಬೈ ಮಿಸ್ಟೇಕ್", "ಬೈ ಆ್ಯಕ್ಸಿಡೆಂಟ್" ಸಾಮಾನ್ಯವಾಗಿ ವಾಕ್ಯದ ಕೊನೆಗೆ. ಒಂಟಿ ಪದಗಳು ಕ್ರಿಯಾಪದದ ಮುಂದೆ. ಆದರೆ ಯಾವ ಕ್ರಿಯಾಪದದ ಮುಂದೆ ಅನ್ನುವುದೇ ನಿಜವಾದ ಪ್ರಶ್ನೆ.

ಕಿರಿಯ ಸಹೋದ್ಯೋಗಿಯೊಬ್ಬರು ಒಮ್ಮೆ ಒಂದು ಪತ್ರದ ಕರಡು ತಂದು ತೋರಿಸಿದರು. ಒಬ್ಬ ಗ್ರಾಹಕರ ವರದಿ ಇನ್ನೊಬ್ಬರಿಗೆ ಹೋಗಿತ್ತು. ಅವರು ಬರೆದದ್ದು ಹೀಗೆ: "ಐ ಅನ್‌ಕಾನ್ಶಿಯಸ್ಲಿ ಸೆಂಟ್ ಯು ದ ರಾಂಗ್ ರಿಪೋರ್ಟ್, ಇಟ್ ವಾಸ್ ಡನ್ ಅನ್‌ನೋಯಿಂಗ್ಲಿ ಬೈ ಮಿಸ್ಟೇಕ್." ಮೂರು ಪದ ಹಾಕಿದ್ದರು, ಯಾವುದೂ ಗಟ್ಟಿಯಾಗಿ ನಿಂತಿರಲಿಲ್ಲ. ಎಷ್ಟು ಹೆದರಿದ್ದರು ಅಂತ ಮಾತ್ರ ಆ ಸಾಲಿನಲ್ಲಿ ಕಾಣುತ್ತಿತ್ತು.

ಇಬ್ಬರೂ ಕೂತು ಕೇಳಿಕೊಂಡೆವು. ಕಳಿಸುವುದು ಬೇಕಂತಲೇ ಮಾಡಿದ್ದಾ? ಹೌದು, ಆ ಗ್ರಾಹಕರಿಗೆ ಒಂದು ವರದಿ ಕಳಿಸಲೇಬೇಕಿತ್ತು. ಹಾಗಾದರೆ ತಪ್ಪಿದ್ದು ಕಳಿಸುವುದರಲ್ಲಲ್ಲ. ಎಲ್ಲಿ? ಫೈಲ್ ಆರಿಸುವಾಗ. ಎರಡೂ ಫೈಲುಗಳ ಹೆಸರು ಒಂದೇ ಥರ ಇತ್ತು, ಕೊನೆಯ ಅಂಕಿ ಮಾತ್ರ ಬೇರೆ. ಅದರ ಮೇಲೆ ಕಣ್ಣು ಹೋಗಲಿಲ್ಲ. ಇರದಿದ್ದದ್ದು ಗಮನ. ಮೂರೂ ಪದ ಹೊಡೆದುಹಾಕಿದೆವು. "ಸೆಂಟ್" ಇದ್ದ ಕಡೆ "ಅಟ್ಯಾಚ್ಡ್" ಬಂತು.

ಕೊನೆಗೆ ಹೋದ ಸಾಲು ಇದು: "ಐ ಇನ್‌ಅಡ್ವರ್ಟೆಂಟ್ಲಿ ಅಟ್ಯಾಚ್ಡ್ ಅನದರ್ ಕ್ಲೈಂಟ್ಸ್ ರಿಪೋರ್ಟ್. ಪ್ಲೀಸ್ ಡಿಲೀಟ್ ಇಟ್. ಯುವರ್ ರಿಪೋರ್ಟ್ ಈಸ್ ಅಟ್ಯಾಚ್ಡ್ ಹಿಯರ್." ಕಳಿಸುವ ಮುಂಚೆ ಅವರು ಫೈಲಿನ ಹೆಸರಿನ ಕೊನೆಯ ಅಂಕಿಯನ್ನು ಬೆರಳಿಟ್ಟು ಎರಡು ಸಲ ಓದಿದರು.